ಮೂರು ಬೆರಳಿನ ಶೈಲಿ

ಆಯುಧಪೂಜೆಯ ದಿನ ಪೂಜೆಯಾದ ಮೇಲೆ ವಾದ್ಯ ಮುಟ್ಟಬಾರದು ಎನ್ನುವ ನಿಯಮವನ್ನು ಯಾವ ಪುಣ್ಯಾತ್ಮ ಮಾಡಿದನೋ, ಅವನ ಹೊಟ್ಟೆ ತಣ್ಣಗಿರಲಿ ಎಂದು ಸುಬ್ರಮಣಿ ಬೆಳಿಗ್ಗೆ ಎದ್ದಾಗಿನಿಂದ ಮನಸ್ಸಿನಲ್ಲೇ ಹರಸುತ್ತಿದ್ದ. ವಯಸ್ಸು ಐವತ್ತು ದಾಟಿತ್ತು, ಒಂದು ಹಬ್ಬಕ್ಕಾಗಿ ಅವನು ಹೀಗೆ ಕಾದದ್ದು ಚಿಕ್ಕಂದಿನ ನಂತರ ಇದೇ ಮೊದಲು. ಇವತ್ತು ಯಾರೂ ಅವನಿಗೆ ನುಡಿಸು ಅನ್ನುವಂತಿಲ್ಲ. ಸಂಜೆ ಪಿಯಾನೊ ನುಡಿಸುವ ಹೋಟೆಲಿನ ಲೌಂಜಿಗೆ ರಜೆ ಹೇಳಿಯಾಗಿತ್ತು, ಪಾಠಕ್ಕೆ ಬರುವ ಮಕ್ಕಳು ದಸರೆಗೆ ಅಜ್ಜಿ ಮನೆ ಸೇರಿದ್ದರು. ನಾಳೆ ವಿಜಯದಶಮಿ. ನಾಳೆ ಮುಟ್ಟಲೇಬೇಕು, ಒಂದು ಸ್ವರವನ್ನಾದರೂ ನುಡಿಸಲೇಬೇಕು, ಅದೂ ನಿಯಮವೇ. ಆದರೆ ನಾಳೆಯದು ನಾಳೆಗೆ. ಗೋವಿಂದರಾಜನಗರದ ಬಾಡಿಗೆ ಮನೆಯ ನಡುಮನೆಯಲ್ಲಿ ಹೆಂಡತಿ ಲತಾ ಕೀಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪಕ್ಕದಲ್ಲಿ ಚೆಂಡು ಹೂವಿನ ಮಾರು ಇಟ್ಟುಕೊಂಡು, "ರೀ, ಕುಂಕುಮ ಇಡೋಕೆ ಮುಂಚೆ ಒಂದೇ ಒಂದ್ಸಲ ನುಡಿಸ್ಬಿಡಿ. ಮನೇಲಿ ನಿಮ್ದು ಕೇಳಿ ಎಷ್ಟು ದಿನ ಆಯ್ತು," ಎಂದಳು. ಅವನು ಬಟ್ಟಲಿಗೆ ಬೆರಳು ಅದ್ದಿ ಕೀಬೋರ್ಡಿನ ಹಣೆಗೆ ಎಂಬಂತೆ ಅವಸರದಲ್ಲಿ ಕುಂಕುಮ ಒತ್ತಿ, "ಆಯ್ತು, ಇನ್ನು ಮುಟ್ಟೋ ಹಾಗಿಲ್ಲ," ಎಂದ. "ಅಯ್ಯೋ, ಇದೇನ್ರೀ ಇಷ್ಟು ಮಡಿವಂತ್ರಾಗ್ಬಿಟ್ರಿ," ಎಂದು ಲತಾ ನಕ್ಕಳು. ಕುಂಕುಮ ಒತ್ತಿದ್ದು ಉಂಗುರದ ಬೆರಳು. ನೆಟ್ಟಗೆ, ಚೆನ್ನಾಗಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಅದು ತನ್ನ ಕೆಲಸ ಮಾಡಿ ಹಿಂದಕ್ಕೆ ಬಂದಿತ್ತು. ಆ ಬೆರಳನ್ನು ನೋಡಿ ಅವನಿಗೆ ಸಿಟ್ಟು ಬಂತು.

ಸಿಟ್ಟು ಯಾಕೆಂದರೆ, ಅದೇ ಬೆರಳು ಮತ್ತು ಅದರ ಪಕ್ಕದ ಕಿರುಬೆರಳು ಪಿಯಾನೊದ ಮೇಲೆ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಸಂಜೆ ಲೌಂಜಿನಲ್ಲಿ, ಯಾರೋ ಗಂಡ ಹೆಂಡತಿ ಮದುವೆ ದಿನವೆಂದು ಕೇಕು ಕತ್ತರಿಸುತ್ತಿದ್ದಾಗ, ಬಲಗೈಯ ಆ ಎರಡು ಬೆರಳು ಮುಟ್ಟಿದರೆ ಮುನಿಯ ಎಲೆಯಂತೆ ತಾವಾಗಿಯೇ ಮಡಚಿಕೊಂಡು ಅಂಗೈಯೊಳಗೆ ಸೇರಿಬಿಟ್ಟಿದ್ದವು. ನೋವಿಲ್ಲ, ಜೋಮಿಲ್ಲ. ಕೈ ಎತ್ತಿದರೆ ಬಿಚ್ಚಿಕೊಳ್ಳುತ್ತಿದ್ದವು, ಕೀ ಮೇಲೆ ಇಟ್ಟರೆ ಮತ್ತೆ ಒಳಗೆ. ಅಂದಿನಿಂದ ಇಂದಿನವರೆಗೆ ಹಾಗೆಯೇ. ಅದೇ ಕೈ ಅಂಗಿಯ ಗುಂಡಿ ಹಾಕುತ್ತದೆ, ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸುತ್ತದೆ, ಲತಾಳ ಸೂಜಿಗೆ ದಾರ ಪೋಣಿಸುತ್ತದೆ. ಇದನ್ನು ಯಾರಿಗಾದರೂ ಹೇಳಿದರೆ ನಂಬುತ್ತಾರೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರೆ. ಡಾಕ್ಟರ ಹತ್ತಿರ ಹೋಗಲು ಎರಡು ಸಲ ಹೊರಟು ವಿಜಯನಗರದ ಬಸ್ ಸ್ಟಾಂಡಿನವರೆಗೆ ನಡೆದು ವಾಪಸು ಬಂದಿದ್ದ. ಡಾಕ್ಟರು ಒಂದು ಹೆಸರು ಹೇಳುತ್ತಾರೆ. ಹೆಸರಿಟ್ಟ ಮೇಲೆ ಅದು ಮನೆಯ ಮಗುವಾಗಿಬಿಡುತ್ತದೆ, ಹೊರಗೆ ಹಾಕುವಂತಿಲ್ಲ. ಹೆಸರಿಲ್ಲದಷ್ಟು ದಿನ ಅದು ದಾರಿಹೋಕ, ಒಂದು ಬೆಳಿಗ್ಗೆ ಎದ್ದು ಹೋದರೂ ಹೋದೀತು. ಹಾಗಂದುಕೊಂಡು ಅವನು ಮೂರೇ ಬೆರಳಿನಲ್ಲಿ ನುಡಿಸಲು ಕಲಿತ. ಉದ್ದನೆಯ ಓಟಗಳನ್ನೆಲ್ಲ ಕತ್ತರಿಸಿ ಹಾಕಿದ, ಎಡಗೈಗೆ ಎರಡು ಪಾಲು ಕೆಲಸ ಹೊರಿಸಿದ. ಲೌಂಜಿನಲ್ಲಿ ಸೂಪು ಕುಡಿಯುವವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗದಿದ್ದದ್ದು ಅಷ್ಟೇ ಅಲ್ಲ, ಮ್ಯಾನೇಜರು ಒಂದು ದಿನ ಕರೆದು, "ಸುಬ್ರಮಣಿ, ಇತ್ತೀಚೆಗೆ ತುಂಬಾ ಚೆನ್ನಾಗಿದೆ. ಗೆಸ್ಟ್‌ಗಳು ಮಾತಾಡೋಕೆ ಡಿಸ್ಟರ್ಬ್ ಆಗಲ್ಲ," ಎಂದಿದ್ದರು. ಇಪ್ಪತ್ತು ವರ್ಷ ಹತ್ತೂ ಬೆರಳಲ್ಲಿ ಬೆವರು ಸುರಿಸಿ ನುಡಿಸಿದಾಗ ಬಾರದ ಹೊಗಳಿಕೆ ಬೆರಳು ಸತ್ತ ಮೇಲೆ ಬಂತು. ಅವತ್ತು ಅವನು ಥ್ಯಾಂಕ್ಯೂ ಸಾರ್ ಎಂದು ಹೇಳಿದ್ದ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ರಸ್ತೆಗೆ ಕಾಲಿಟ್ಟಾಗ ಹನ್ನೊಂದರ ಬಿಸಿಲು. ವರ್ಷವೆಲ್ಲ ಕಿವಿ ಕಿವುಡಾಗುವಂತೆ ಕೂಗುವ ಶೆಡ್ಡುಗಳು ಇವತ್ತು ಬಾಗಿಲಿಗೆ ಬಾಳೆಕಂದು ಕಟ್ಟಿಕೊಂಡು ಬಾಯಿ ಮುಚ್ಚಿದ್ದವು. ಆ ಮೌನ ಅವನಿಗೆ ಸರಿಬರಲಿಲ್ಲ. ಯಾರೋ ಒಳಗೆ ನಿಂತು ಉಸಿರು ಬಿಗಿಹಿಡಿದು ತನ್ನ ಹೆಜ್ಜೆಗಳನ್ನು ಕೇಳುತ್ತಿದ್ದಾರೆ ಅನ್ನಿಸಿತು. ಹೆಜ್ಜೆಗೊಂದು ಒಡೆದ ಬೂದುಗುಂಬಳ, ಅದರ ಬಿಳಿಯ ತಿರುಳಿಗೆ ಮೆತ್ತಿದ ಕೆಂಪು ಕುಂಕುಮ, ಮೇಲೆ ನೊಣ. ಒಂದು ಸ್ಕೂಟರು ಜಾರಿ, ಸವಾರ ಕಾಲು ಊರಿ ಬಚಾವಾಗಿ, ಶೆಡ್ಡಿನವರಿಗೆ ಬೈದು ಹೋದ. ಇಲ್ಲಿಗೆ ಸುಬ್ರಮಣಿ ಆಯುಧಪೂಜೆಗೆ ಬರುವುದು ಎಷ್ಟೋ ವರ್ಷದ ರೂಢಿ. ಚನ್ನವೀರೇಶ್ ಅವರ ಮಷೀನ್ ಶಾಪಿನ ಮೇಲಿನ ಆಫೀಸು ಕೋಣೆಯಲ್ಲಿ ಒಂದು ಹಳೆಯ ಪಿಯಾನೊ ಇತ್ತು. ಕಾಕ್ಸ್‌ಟೌನ್ ಕಡೆಯ ಯಾವುದೋ ಕುಟುಂಬ ಊರು ಬಿಟ್ಟಾಗ ಚನ್ನವೀರೇಶ್ ಕೊಂಡದ್ದು. ಮನೆಗೆ ತಂದರೆ ನಾನು ತವರಿಗೆ ಹೋಗುತ್ತೇನೆ ಎಂದು ಅವರ ಹೆಂಡತಿ ಹೇಳಿದ್ದರಿಂದ ಲೇತು ಮಷೀನುಗಳ ತಲೆಯ ಮೇಲೆ ಬಂದು ಕೂತಿತ್ತು. ಕೆಳಗಿನ ಮಷೀನುಗಳ ಜೊತೆ ಅದಕ್ಕೂ ಪೂಜೆ. ಪೂಜೆಯಾದ ಮೇಲೆ ಅದರ ಮುಂದೆ ಕೂತು ಕಡ್ಲೆಪುರಿ ತಿನ್ನುತ್ತಾ, ಜಗತ್ತಿನ ಜಾಸ್ ಪಿಯಾನೊ ವಾದಕರಲ್ಲಿ ಯಾರು ದೊಡ್ಡವನು ಎಂದು ಜಗಳ. ಆ ಪಿಯಾನೊ ನುಡಿಸುವಂತಿಲ್ಲವಾದ್ದರಿಂದಲೇ ಆ ಜಗಳಕ್ಕೆ ಅಷ್ಟು ರುಚಿ. ನುಡಿಸಿ ತೋರಿಸು ಅನ್ನುವಂತಿಲ್ಲ, ಬಾಯಿ ಇದ್ದವನೇ ಗೆದ್ದ.

ಹೋದ ವರ್ಷ ಮಾತ್ರ ಹಾಗಾಗಲಿಲ್ಲ. ಹೋದ ವರ್ಷ ಅವನು ಆಸ್ಕರ್ ಪೀಟರ್ಸನ್ ಪರವಾಗಿ ಮೇಜು ಗುದ್ದಿ, ಮಾತಿನಲ್ಲಿ ಸೋಲುವ ಹಾಗಾದಾಗ ಎದ್ದು, ಪಿಯಾನೊದ ಮುಚ್ಚಳದ ಮೇಲಿದ್ದ ಹೂವನ್ನು ಪಕ್ಕಕ್ಕೆ ಸರಿಸಿದ್ದ. ಶಾಪಿನ ಫೋರ್‌ಮನ್ ಕೃಷ್ಣಯ್ಯ ಆರತಿ ತಟ್ಟೆ ಹಿಡಿದುಕೊಂಡೇ, "ಬೇಡಿ ಸಾರ್, ಪೂಜೆ ಆಗೈತೆ," ಎಂದಿದ್ದ. "ಏನಾಗುತ್ತೆ ಕೃಷ್ಣಯ್ಯ, ಕೈ ಬಿದ್ದೋಗುತ್ತಾ?" ಎಂದು ನಗುತ್ತಾ ಕೇಳಿದ್ದ ಅವನು. ಕೇಳಿ, ಮುಚ್ಚಳ ತೆಗೆದು, ಬಲಗೈಯನ್ನು ಮೇಲಿನಿಂದ ಕೆಳಕ್ಕೆ ಮಿಂಚಿನಂತೆ ಓಡಿಸಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಇಂಥದ್ದನ್ನೆಲ್ಲ ಅವನು ನಂಬುವವನಲ್ಲ. ಮಿಲ್ಲಿನಲ್ಲಿ ದುಡಿದ ಅವನಪ್ಪನೂ ನಂಬುತ್ತಿರಲಿಲ್ಲ, ಮಗ್ಗಕ್ಕೆ ಕುಂಕುಮ ಇಟ್ಟರೆ ನೂಲು ಹರಿಯೋದು ನಿಲ್ಲುತ್ತೇನೋ ಎಂದು ಬೀಡಿ ಹಚ್ಚುತ್ತಿದ್ದ. ನಂಬದವನಿಗೆ ಹೆದರಿಕೆ ಇರಬಾರದು ಎಂದು ಯಾರು ಹೇಳಿದರು? ನಂಬುವವನು ತಪ್ಪುಕಾಣಿಕೆ ಹಾಕಿ ನಿದ್ದೆ ಮಾಡುತ್ತಾನೆ. ನಂಬದವನಿಗೆ ಹಾಕಲು ಹುಂಡಿಯೂ ಇಲ್ಲ. ಯುಗಾದಿಯಿಂದ ಈಚೆಗೆ ಅವನು ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ನಿದ್ದೆಯ ಅಂಚಿನಲ್ಲಿ ತನ್ನದೇ ನಗುವಿನ ದನಿಯನ್ನು ಕೇಳಿಸಿಕೊಂಡಿದ್ದ.

ಶಾಪಿನ ಬಾಗಿಲಲ್ಲಿ ಪ್ರೆಸ್ ಮಷೀನಿನ ಅಂಜಿನಯ್ಯ ಕಡ್ಲೆಪುರಿ ಹಂಚುತ್ತಿದ್ದ. ಬಹಳ ಹಿಂದೆ ಆ ಪ್ರೆಸ್ಸೇ ಅವನ ಎರಡು ಬೆರಳು ತೆಗೆದುಕೊಂಡಿತ್ತು. ಉಳಿದ ಬೆರಳುಗಳಿಂದ ಪುರಿ ಮೊಗೆದು, "ತಗಳಿ ಸಾರ್, ಹಬ್ಬ ಚೆನ್ನಾಗ್ ಆಯ್ತಾ?" ಎಂದು ಕೊಟ್ಟ. ಮೊಂಡು ಬೆರಳಿಗೂ ಯಾರೋ ತಮಾಷೆಗೆ ಕುಂಕುಮ ಹಚ್ಚಿದ್ದರು, ಅಂಜಿನಯ್ಯನೂ ನಗುತ್ತಿದ್ದ. ಸುಬ್ರಮಣಿ ಎರಡೂ ಕೈ ಒಡ್ಡಿ ಪುರಿ ತೆಗೆದುಕೊಂಡ. ಈ ಮನುಷ್ಯನ ಬಗ್ಗೆ ತನಗೆ ಇದ್ದದ್ದು ಹೊಟ್ಟೆಕಿಚ್ಚು ಎಂದು ಗೊತ್ತಾಗಿ ಅವನಿಗೆ ಅಸಹ್ಯವಾಯಿತು. ಹೌದು, ಹೊಟ್ಟೆಕಿಚ್ಚೇ. ಇವನ ಕೈಯನ್ನು ಊರೆಲ್ಲ ನೋಡಿಯಾಗಿದೆ, ಇವನು ಮುಚ್ಚಿಡಬೇಕಾದ್ದು ಏನೂ ಇಲ್ಲ.

ಮೇಲೆ ಕೋಣೆಯಲ್ಲಿ ಊದುಬತ್ತಿಯ ಹೊಗೆ, ಮಷೀನು ತಂಪಾಗಿಸುವ ಕೂಲೆಂಟ್ ಎಣ್ಣೆಯ ವಾಸನೆ. ಪಿಯಾನೊ ಮೈತುಂಬ ವಿಭೂತಿ ಪಟ್ಟೆ ಬಳಿದುಕೊಂಡು, ಚೆಂಡು ಹೂವಿನ ಸರ ಹಾಕಿಕೊಂಡು, ಹೆಣದಂತೆ ಶೃಂಗಾರವಾಗಿ ನಿಂತಿತ್ತು. ಛೆ, ಇದೆಂಥಾ ಯೋಚನೆ ಎಂದು ಅವನು ಕಣ್ಣು ಬೇರೆಡೆ ತಿರುಗಿಸಿದ. ಚನ್ನವೀರೇಶ್ ರೇಷ್ಮೆ ಪಂಚೆಯಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದರು. ಎದುರಿಗೆ ಮೂಡಲಪಾಳ್ಯದ ಸುಘೋಷ್, ಸುಬ್ರಮಣಿಯ ಶಿಷ್ಯ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಹೋಗದೆ, ಪಿಯಾನೊ ಒಂದೇ ಸಾಕು ಎಂದು ಮನೆಯವರ ಬೈಗುಳ ತಿನ್ನುತ್ತಿದ್ದ ಹುಡುಗ. ಮುಂದಿನ ತಿಂಗಳು ಹೊರದೇಶದ ಸಂಗೀತ ಕಾಲೇಜೊಂದರವರು ಬೆಂಗಳೂರಿಗೆ ಬಂದು ಆಡಿಷನ್ ಮಾಡುವವರಿದ್ದರು. ಅದರಲ್ಲಿ ಗೆದ್ದರೆ ಆಯಿತು, ಸೋತರೆ ಅಪ್ಪ ಹೇಳಿದ ಕೆಲಸಕ್ಕೆ ಸೇರುವುದು ಎಂದು ಮನೆಯಲ್ಲಿ ಮಾತಾಗಿತ್ತು. ಸುಬ್ರಮಣಿ ಒಳಗೆ ಬರುತ್ತಲೇ ಅವನು ಎದ್ದು ನಿಂತ. ವಾದ ಆಗಲೇ ಶುರುವಾಗಿತ್ತು.

"ಟೇಟಮ್," ಎಂದರು ಚನ್ನವೀರೇಶ್. "ಆರ್ಟ್ ಟೇಟಮ್ ಆದ್ಮೇಲೆ ಫುಲ್‌ಸ್ಟಾಪ್. ಕಣ್ಣು ಕಾಣಲ್ಲ ರೀ ಅವನಿಗೆ, ಒಂದು ಕಣ್ಣಲ್ಲಿ ಚೂರು ಬೆಳಕು ಅಷ್ಟೆ. ಆದ್ರೂ ಆ ಸ್ಪೀಡಲ್ಲಿ ಒಂದು ಸ್ವರ ಆಚೆ ಈಚೆ ಇಲ್ಲ. ನನ್ನ ಲೇತ್‌ನಲ್ಲೂ ಇಷ್ಟು ಕರೆಕ್ಟಾಗಿ ಬರಲ್ಲ ಪಾರ್ಟು."

"ಅದೇ ಅಂಕಲ್ ಪ್ರಾಬ್ಲಮ್ಮು," ಎಂದ ಸುಘೋಷ್. "ಕರೆಕ್ಟ್ ಆಗಿರೋದು ಮಷೀನು. ಮಂಕ್‌ನ ಪಿಯಾನೊ ಕೇಳಿ. ತಪ್ಪು ಸ್ವರ ಅಂದ್ಕೋತೀರ, ಮುಂದಿನ ಸ್ವರ ಬಂದಾಗ ಗೊತ್ತಾಗುತ್ತೆ ತಪ್ಪಾಗಿದ್ದು ನಿಮ್ ಕಿವಿ ಅಂತ."

"ಮಂಕ್ ಅಂತೆ! ನುಡಿಸೋದು ಬಿಟ್ಟು ಎದ್ದು ಸ್ಟೇಜ್ ಮೇಲೆ ಗಿರಗಿರ ಸುತ್ತೋನು."

"ಸುತ್ಲಿ ಬಿಡಿ ಅಂಕಲ್. ನಿಮ್ಗೆ ಸ್ಪೀಡೇ ಬೇಕಾದ್ರೆ ಬಡ್ ಪವೆಲ್ ತಗೊಳ್ಳಿ. ಟೇಟಮ್ ಶೋ ಮಾಡ್ತಾನೆ, ಪವೆಲ್ ಜೀವ ಉಳಿಸ್ಕೊಳ್ಳೋಕೆ ಓಡ್ತಾನೆ."

ಇಬ್ಬರೂ ನಕ್ಕರು. ಸುಬ್ರಮಣಿಯೂ ತುಟಿ ಅಗಲಿಸಿದ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಈ ಹೆಸರುಗಳು ಹೋದ ವರ್ಷದವರೆಗೂ ಅವನ ಪಾಲಿಗೆ ಕೈಗಳ ಹೆಸರುಗಳಾಗಿದ್ದವು. ಕಣ್ಣು ಮುಚ್ಚಿದರೆ ಯಾರ ಹೆಬ್ಬೆರಳು ಎಲ್ಲಿ ಬೀಳುತ್ತದೆ ಎಂದು ಕಾಣುತ್ತಿತ್ತು. ಈಗ ಅವು ಕಾಯಿಲೆಗಳ ಹೆಸರುಗಳಂತೆ ಕೇಳುತ್ತಿದ್ದವು. ಪವೆಲ್ ಅಂದರೆ ಪೊಲೀಸರಿಂದ ತಲೆಗೆ ಪೆಟ್ಟು ತಿಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವನು. ಪೀಟರ್ಸನ್ ಅಂದರೆ ಲಕ್ವ ಹೊಡೆದು ಎಡಗೈ ಸೋತವನು. ಮಂಕ್ ಅಂದರೆ ಕೊನೆಯ ವರ್ಷಗಳಲ್ಲಿ ಪಿಯಾನೊ ಇದ್ದ ಮನೆಯಲ್ಲೇ ಇದ್ದು ಅದನ್ನು ಮುಟ್ಟದೆ ಸುಮ್ಮನೆ ಮಲಗಿದ್ದವನಂತೆ. ಯಾಕೆ ಮುಟ್ಟಲಿಲ್ಲ ಎಂದು ಜನ ಪುಸ್ತಕ ಬರೆದಿದ್ದಾರೆ. ಕೈ ಮಡಚಿಕೊಳ್ಳುತ್ತಿತ್ತೇನೋ, ಯಾರಿಗೂ ಹೇಳಲಿಲ್ಲವೇನೋ, ಯಾರು ಕಂಡಿದ್ದಾರೆ? ಈ ದೊಡ್ಡವರೆಲ್ಲ ಸಾಲಾಗಿ ಕೂತು, ಬಾರಪ್ಪ, ನಿನ್ನದು ಯಾವುದು ತೋರಿಸು ಎಂದು ತನ್ನ ಕಡೆ ನೋಡುತ್ತಿದ್ದಾರೆ ಅನ್ನಿಸಿತು. ಅವರ ಸಾಲಿನಲ್ಲಿ ಕೂರುವ ಯೋಗ್ಯತೆ ಕೈಗೆ ಬರಲಿಲ್ಲ, ಕಾಯಿಲೆಗೆ ಬಂತು.

"ಏನ್ರೀ ಸುಬ್ರಮಣಿ, ಬಾಯಿಗೆ ಬೀಗ ಹಾಕ್ಕೊಂಡ್ ಬಂದಿದೀರಾ?" ಚನ್ನವೀರೇಶ್ ಕೆಣಕಿದರು. "ಹೋದ ವರ್ಷ ಪೀಟರ್ಸನ್ ಅಂತ ನನ್ನ ಮೇಜು ಮುರಿಯೋರಿದ್ರಿ."

"ಎಲ್ಲರೂ ದೊಡ್ಡೋರೇ ಬಿಡಿ," ಎಂದ ಸುಬ್ರಮಣಿ.

"ಇದು ಎಲೆಕ್ಷನ್‌ಗೆ ನಿಂತೋರ ಮಾತಾಯ್ತು. ಸರಿಯಾಗಿ ಹೇಳ್ರಿ. ಇಲ್ಲಾ ಅಂದ್ರೆ ಹೋದ ವರ್ಷದ ಹಾಗೆ ನುಡಿಸಿ ತೋರಿಸಿ. ಏ ಕೃಷ್ಣಯ್ಯ, ಆ ಹೂವು ಸ್ವಲ್ಪ ಸರಿಸಪ್ಪ."

ಕೃಷ್ಣಯ್ಯ ಬಾಗಿಲಲ್ಲಿ ನಿಂತಿದ್ದ. ಸುಬ್ರಮಣಿಗೆ ತನ್ನ ದನಿ ಅಷ್ಟು ಜೋರಾಗಿ ಹೊರಡುತ್ತದೆ ಎಂದು ಗೊತ್ತಿರಲಿಲ್ಲ. "ಬೇಡ! ಪೂಜೆ ಆಗಿದೆ. ಮುಟ್ಟಬಾರ್ದು," ಎಂದ. ಎಲ್ಲರೂ ಅವನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತಲ್ಲ, ಇನ್ನೇನು ಯಾರಾದರೂ ಕೇಳುತ್ತಾರೆ, ಕೇಳಲಿ, ಕೇಳಿಬಿಡಲಿ ಎಂದು ಅವನು ಕಾದ. ಆದರೆ ಕೃಷ್ಣಯ್ಯನ ಮುಖ ಅರಳಿತ್ತು. ಅವನು ಒಳಗೆ ಬಂದು ಮಂಗಳಾರತಿಯ ತಟ್ಟೆಯನ್ನು ಸುಬ್ರಮಣಿಯ ಮುಂದೆ ಹಿಡಿದು, "ಹೋದ್ ವರ್ಷ ನಂಗೆ ಸ್ಯಾನೆ ಬೇಜಾರಾಗಿತ್ತು ಸಾರ್. ವಿದ್ಯೆ ಇರೋರು ಹಿಂಗ್ ಮಾಡ್ತಾರಲ್ಲ ಅಂತ. ಇವತ್ತು ನೀವೇ ಬೇಡ ಅಂದ್ರಲ್ಲ, ತಾಯಿ ಚಾಮುಂಡಿ ನಿಮ್ ಕೈ ಕಾಯ್ಲಿ," ಎಂದ. ಸುಬ್ರಮಣಿ ಆರತಿಯನ್ನು ಕಣ್ಣಿಗೆ ಒತ್ತಿಕೊಂಡ. ಕರ್ಪೂರದ ಬಿಸಿ ಅಂಗೈಗೆ ಹತ್ತಿತು. ಎದ್ದು ಓಡಿಹೋಗಬೇಕು ಅನ್ನಿಸಿತು.

"ಅಂಕಲ್, ಸಾರ್‌ನ ಬಿಡಿ, ನಾನು ಹೇಳ್ತೀನಿ," ಎಂದು ಸುಘೋಷ್ ಮುಂದಕ್ಕೆ ಸರಿದು ಕೂತ. ಅವನ ಕಣ್ಣು ಹೊಳೆಯುತ್ತಿತ್ತು. "ನನ್ ವೋಟು ಟೇಟಮ್‌ಗೂ ಅಲ್ಲ, ಮಂಕ್‌ಗೂ ಅಲ್ಲ. ಹೊರೇಸ್ ಪಾರ್ಲನ್. ಚಿಕ್ಕ ವಯಸ್ಸಲ್ಲಿ ಪೋಲಿಯೊ, ಬಲಗೈಲಿ ಅರ್ಧ ಬೆರಳು ಕೆಲಸ ಮಾಡಲ್ಲ. ಉಳಿದಿದ್ರಲ್ಲೇ ಒಂದು ಸ್ಟೈಲ್ ಕಟ್ಟಿದ. ಒಂದು ಸ್ವರಾನೂ ಡೆಕೊರೇಷನ್‌ಗೆ ಇಲ್ಲ, ಎಲ್ಲಾ ಬೇಕಾಗಿದ್ದೇ. ಅವನಿಗಾದ್ರೆ ಬೇರೆ ದಾರಿ ಇರ್ಲಿಲ್ಲ ಅಂಕಲ್. ಐದೂ ಬೆರಳು ಇದ್ದು, ಬೇಕಂತ್ಲೇ ಎರಡು ಬಿಟ್ಟು ನುಡಿಸೋರು ಯಾರು ಗೊತ್ತಾ?" ಅವನು ಕೈ ಚಾಚಿ ತೋರಿಸಿದ. "ನಮ್ ಸಾರು. ಈ ಪ್ರಪಂಚದಲ್ಲಿ ಒಬ್ರೇ. ಬೆರಳು ಕಮ್ಮಿ ಆದಷ್ಟೂ ಸುಳ್ಳು ಕಮ್ಮಿ ಆಗುತ್ತೆ ಅಂತ ಸಾರ್ ಹೇಳಿದಾರೆ."

ಹೇಳಿದ್ದ, ಹೌದು. ಬೇಸಿಗೆಯ ಒಂದು ಮಧ್ಯಾಹ್ನ, ಪಾಠದ ನಡುವೆ, ಮುಚ್ಚಿಡಲು ಮರೆತು ಅವನು ನುಡಿಸುತ್ತಿದ್ದಾಗ ಸುಘೋಷ್ ಬಗ್ಗಿ ನೋಡಿ, "ಸಾರ್, ಆ ಎರಡು ಬೆರಳು ಬೇಕಂತ್ಲೇ ಮಡಚ್ತೀರಾ?" ಎಂದು ಕೇಳಿದ್ದ. ಬೇಕಂತಲೇ ಎನ್ನುವ ಆ ಮಾತನ್ನು ಹುಡುಗನೇ ಕೊಟ್ಟಿದ್ದ, ಮುಳುಗುವವನಿಗೆ ಹುಲ್ಲುಕಡ್ಡಿ. "ಮತ್ತೆ?" ಎಂದಿದ್ದ ಸುಬ್ರಮಣಿ, ಒಂದು ಕ್ಷಣವೂ ತಡೆಯದೆ. ಪಾರ್ಲನ್ನನ ಹೆಸರು ಹೇಳಿ, ಕೇಳು ಹೋಗು ಎಂದಿದ್ದ. ಬೆರಳು ಕಮ್ಮಿಯಾದಷ್ಟೂ ಸುಳ್ಳು ಕಮ್ಮಿ ಎಂಬ ಮಾತು ಅದರ ಬೆನ್ನಿಗೇ ಬಾಯಿಂದ ಉದುರಿತ್ತು, ಎಲ್ಲಿಂದ ಬಂತೋ. ಆ ರಾತ್ರಿ ಅವನಿಗೆ ಎಷ್ಟೋ ವಾರಗಳ ನಂತರ ಚೆನ್ನಾಗಿ ನಿದ್ದೆ ಬಂದಿತ್ತು, ಅದನ್ನು ನೆನೆದರೇ ನಾಚಿಕೆ. ಪಾರ್ಲನ್ ತನ್ನ ಕೈಯನ್ನು ಯಾರಿಂದಲೂ ಮುಚ್ಚಿಟ್ಟವನಲ್ಲ. ತಾನು ಕದ್ದದ್ದು ಅವನ ಶೈಲಿಯನ್ನಲ್ಲ, ಅವನ ಕಷ್ಟವನ್ನು.

ಈಗ ಹೇಳಬಹುದಿತ್ತು. ಚನ್ನವೀರೇಶ್ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದರು, "ಹೌದೇನ್ರೀ? ಬೇಕಂತ ಎರಡು ಬೆರಳು ಬಿಟ್ಟಿದೀರಾ? ನಮ್ಗೆ ಹೇಳೇ ಇಲ್ವಲ್ಲ!" ಎಂದರು. ಅಯ್ಯೋ ಹಾಗೇನಿಲ್ಲ, ಕೈಗೆ ಏನೋ ಆಗಿದೆ ಎಂದು ಒಂದೇ ವಾಕ್ಯ. ಒಂದು ವಾಕ್ಯಕ್ಕೆ ಎಷ್ಟು ಉಸಿರು ಬೇಕು? ಆ ಉಸಿರನ್ನು ಎಳೆದುಕೊಂಡ. ಆದರೆ ಹೊರಗೆ ಬಂದದ್ದು, "ಹೇಳಿಕೊಳ್ಳೋ ಅಂಥದ್ದೇನಿದೆ," ಎಂಬ ಮಾತು. ವಿನಯ ತೋರಿಸಿದ ಹಾಗೂ ಆಯಿತು, ಒಪ್ಪಿಕೊಂಡ ಹಾಗೂ ಆಯಿತು. ಚನ್ನವೀರೇಶ್ ತೊಡೆ ತಟ್ಟಿ, "ಇದು ತಪಸ್ಸು ರೀ!" ಎಂದರು. "ಹಂಗಾದ್ರೆ ನಾಳೆ ವಿಜಯದಶಮಿ ಬೆಳಿಗ್ಗೆ ಇದರ ಮುಚ್ಚಳ ನೀವೇ ತೆಗೀಬೇಕು. ಗುರು ಶಿಷ್ಯ ಇಬ್ರೂ ನುಡಿಸ್ಬೇಕು. ನಮ್ಮ ಮನೆಯೋರ್ನೂ ಕರ್ಕೊಂಡ್ ಬರ್ತೀನಿ, ಬಂಧುಗಳ್ನೂ ಕರೀತೀನಿ." ಸುಘೋಷ್ ಖುಷಿಯಿಂದ ತಲೆಯಾಡಿಸಿದ. ಸುಬ್ರಮಣಿ ಪುರಿಯ ಜೊತೆಗಿದ್ದ ಬತ್ತಾಸನ್ನು ಬಾಯಿಗೆ ಹಾಕಿಕೊಂಡ, ಅದು ಕರಗಲಿಲ್ಲ, ನಾಲಿಗೆಯ ಮೇಲೆ ಸುಣ್ಣದಂತೆ ಕೂತಿತು.

ಮೆಟ್ರೊ ಸ್ಟೇಷನ್ನಿಗೆ ಇಬ್ಬರೂ ನಡೆದೇ ಹೊರಟರು. ಬಿಸಿಲಿಗೆ ಕುಂಬಳದ ಚೂರುಗಳು ಕೊಳೆಯಲು ಶುರುವಾಗಿ ರಸ್ತೆಯೆಲ್ಲ ಹುಳಿ ವಾಸನೆ. ಸುಬ್ರಮಣಿ ನಾಳೆಗೆ ನೆಪ ಹುಡುಕುತ್ತಿದ್ದ. ಜ್ವರ ಅನ್ನಬಹುದು. ಲತಾಳ ಕಡೆಯವರು ಯಾರೋ ಹೋಗಿಬಿಟ್ಟರು ಅನ್ನಬಹುದು. ಹಬ್ಬದ ದಿನ ಬದುಕಿರುವವರನ್ನು ಸಾಯಿಸುವ ಮಟ್ಟಕ್ಕೆ ಬಂದೆನಲ್ಲ ಎಂದುಕೊಂಡ. ಪಕ್ಕದಲ್ಲಿ ನಡೆಯುತ್ತಿದ್ದ ಸುಘೋಷ್ ಎರಡು ಸಲ ಏನೋ ಹೇಳಲು ಹೋಗಿ ನಿಲ್ಲಿಸಿದ. ಕೊನೆಗೆ ಮುಚ್ಚಿದ ಶೆಡ್ಡೊಂದರ ಕಾಂಪೌಂಡಿನ ನೆರಳಿನಲ್ಲಿ ನಿಂತೇಬಿಟ್ಟ.

"ಸಾರ್, ನಾಳೆ ಸರ್ಪ್ರೈಸ್ ಕೊಡೋಣ ಅಂತಿದ್ದೆ. ತಡ್ಕೊಳ್ಳೋಕಾಗ್ತಿಲ್ಲ. ಬಂದ್ಬಿಡ್ತು ಸಾರ್."

"ಏನು ಬಂತು?"

"ನಿಮ್ದು! ಇಷ್ಟು ದಿನ ಎರಡು ಬೆರಳಿಗೂ ರಬ್ಬರ್ ಬ್ಯಾಂಡ್ ಹಾಕಿ ಮಡಚ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ದೆ. ಬೆಳಿಗ್ಗೆಯಿಂದ ಸಂಜೆವರ್ಗೂ. ಅಮ್ಮ ಹುಚ್ಚ ಅಂತ ಬೈಯೋರು. ಹೋದ ವಾರದಿಂದ ರಬ್ಬರ್ ಬ್ಯಾಂಡೇ ಬೇಡ ಸಾರ್. ಕೀ ಮೇಲೆ ಕೈ ಇಟ್ರೆ ಸಾಕು, ತಾವಾಗೇ ಒಳಗೆ ಹೋಗ್ತವೆ. ಬಿಚ್ಚು ಅಂದ್ರೂ ಬಿಚ್ಚಲ್ಲ. ಪಕ್ಕಾ ನಿಮ್ ಥರಾನೇ!"

ಅವನ ಮುಖದಲ್ಲಿ ಬಹುಮಾನ ತೆಗೆದುಕೊಂಡು ಮನೆಗೆ ಬಂದ ಮಗುವಿನ ಸಂಭ್ರಮವಿತ್ತು. ಸುಬ್ರಮಣಿ ಗೋಡೆಗೆ ಕೈ ಊರಿದ. "ಬೇರೆ ಕೆಲಸಕ್ಕೆ?" ಎಂದು ಕೇಳಿದ.

"ಬೇರೆ ಎಲ್ಲಾ ನಾರ್ಮಲ್ ಸಾರ್, ಅದೇ ಮಜಾ. ಊಟ, ಬೈಕು, ಮೊಬೈಲು, ಏನೂ ತೊಂದ್ರೆ ಇಲ್ಲ. ಕೀ ಮೇಲೆ ಮಾತ್ರ."

ಮೊದಲು ಸುಬ್ರಮಣಿಗೆ ಅನ್ನಿಸಿದ್ದು ನೆಮ್ಮದಿ. ಅದನ್ನು ಅವನು ಸಾಯುವವರೆಗೂ ಮರೆಯಲಾರ. ನಾನೊಬ್ಬನೇ ಅಲ್ಲ, ಹಾಗಾದರೆ ಇದು ಮುಚ್ಚಳ ತೆಗೆದ ಶಾಪವಲ್ಲ, ನನ್ನ ಹುಚ್ಚೂ ಅಲ್ಲ, ಇನ್ನೊಂದು ಕೈಗೂ ಬರುತ್ತದೆ ಎಂದು ಎದೆಯ ಮೇಲಿನ ಕಲ್ಲು ಒಂದು ಗಳಿಗೆ ಪಕ್ಕಕ್ಕೆ ಸರಿಯಿತು. ಆ ನೆಮ್ಮದಿಯ ಹಿಂದೆಯೇ, ಅದನ್ನು ತುಳಿದುಕೊಂಡು, ಮಿಕ್ಕದ್ದೆಲ್ಲ ಬಂತು. ಶಾಪವನ್ನು ಎಲ್ಲೆಲ್ಲೋ ಹುಡುಕಿದ್ದ ಅವನು. ಅದು ಅವನ ಬಾಯಲ್ಲೇ ಇತ್ತು. ಈ ಹುಡುಗನ ಕೈ ಹೇಗಿತ್ತು ಎಂದು ಅವನಿಗೆ ಗೊತ್ತು. ಅದು ತನ್ನದಕ್ಕಿಂತ ಒಳ್ಳೆಯ ಕೈ. ಅದನ್ನು ಅವನಿಗೆ ಯಾವತ್ತೂ ಹೇಳಿರಲಿಲ್ಲ.

"ಸುಘೋಷ್, ಅದು ಸ್ಟೈಲ್ ಅಲ್ಲ ಕಣೋ."

"ಗೊತ್ತು ಸಾರ್. ನೀವು ಅದನ್ನ ಸ್ಟೈಲ್ ಅನ್ನಲ್ಲ, ಶಿಸ್ತು ಅಂತೀರ."

"ಕೇಳು ಇಲ್ಲಿ. ನಾನು ಮಡಚ್ತಾ ಇರ್ಲಿಲ್ಲ. ನಂಗೆ ಬಿಚ್ಚೋಕೆ ಆಗ್ತಿರ್ಲಿಲ್ಲ. ಯುಗಾದಿಯಿಂದ ಹಿಂಗೇ. ಅವತ್ತು ನೀನು ಕೇಳ್ದಾಗ ಸುಳ್ಳು ಹೇಳ್ದೆ."

ಸುಘೋಷ್ ನಕ್ಕ. ದೊಡ್ಡವರು ತಮ್ಮ ವಿದ್ಯೆಯನ್ನು ಹೀಗೆ ಹಗುರ ಮಾಡಿ ಹೇಳುತ್ತಾರೆ ಎಂದು ತಿಳಿದವನ ನಗು. ಸುಬ್ರಮಣಿ ನಗಲಿಲ್ಲ. ನಗು ಹುಡುಗನ ಮುಖದಲ್ಲಿ ಸ್ವಲ್ಪ ಹೊತ್ತು ಹಾಗೆಯೇ ಉಳಿದು, ಆಮೇಲೆ ಎಲ್ಲಿ ಹೋಗಬೇಕೆಂದು ತಿಳಿಯದೆ ಆರಿಹೋಯಿತು.

"ಡಾಕ್ಟ್ರು ಏನಂದ್ರು ಸಾರ್?"

"ಹೋಗ್ಲಿಲ್ಲ."

"ಯುಗಾದಿಯಿಂದ ಹೋಗೇ ಇಲ್ವಾ ಸಾರ್?"

"ಭಯ ಆಯ್ತು ಕಣೋ."

"ಏನ್ರೀ ನೀವು," ಎಂದ ಸುಘೋಷ್. ಸಾರ್ ಎನ್ನದೆ ಅವನು ಮಾತಾಡಿದ್ದು ಅದೇ ಮೊದಲು. "ನಿಮ್ಗೆ ಭಯ ಆಯ್ತು. ನಂದು? ಮುಂದಿನ ತಿಂಗಳು ಆಡಿಷನ್ ಇದೆ ಅಂತ ಗೊತ್ತಿತ್ತಲ್ಲ ನಿಮ್ಗೆ? ಇವಾಗ್ಲೂ, ಅರ್ಧ ಗಂಟೆ ಮುಂಚೆ, ಅಲ್ಲಿ ಎಲ್ಲರ ಮುಂದೆ..." ಪುರಿಯ ಕವರನ್ನು ನೆಲದ ಮೇಲಿಟ್ಟು, ಕಾಂಪೌಂಡ್ ಗೋಡೆಯ ಮೇಲೆ ಬಲಗೈ ಇಟ್ಟ, ಕೀ ಮೇಲೆ ಇಡುವ ಹಾಗೆ, ಮಣಿಕಟ್ಟು ಎತ್ತಿ. ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ ಸಿಮೆಂಟಿನ ಮೇಲೆ ನುಡಿಸತೊಡಗಿದ. ಐದೂ ಬೆರಳು ಒಂದರ ಹಿಂದೆ ಒಂದು ನೆಟ್ಟಗೆ ಎದ್ದು ಬಿದ್ದು, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಒಂದು ಚೂರೂ ತಪ್ಪದೆ ಓಡಿದವು. ಅಂಥ ಓಟವನ್ನು ಸುಬ್ರಮಣಿ ತನ್ನ ಒಳ್ಳೆಯ ದಿನಗಳಲ್ಲೂ ಓಡಿಸಿದವನಲ್ಲ.

"ನೋಡಿ, ಬಿಚ್ಚುತ್ತೆ," ಎಂದ ಸುಘೋಷ್, ನುಡಿಸುತ್ತಲೇ. "ಬಿಚ್ಚುತ್ತಲ್ಲ ಸಾರ್? ನೋಡಿ, ಸರಿಯಾಗೇ ಇದೆ." ಪಾಠದ ಹೊತ್ತಿನಲ್ಲಿ ನೋಡುವಂತೆ ಅವನು ಸುಬ್ರಮಣಿಯ ಮುಖವನ್ನೇ ನೋಡುತ್ತಿದ್ದ, ಹೂಂ ಅನ್ನುವುದಕ್ಕೆ ಕಾಯುತ್ತಾ. ಹೂಂ ಅಂದರೆ ಸಾಕಿತ್ತು. ಹುಡುಗ ಮೂಡಲಪಾಳ್ಯಕ್ಕೆ ಹೋಗಿ ಹಬ್ಬದ ಊಟ ಮಾಡುತ್ತಿದ್ದ.

ಸುಬ್ರಮಣಿ ತನ್ನ ಬಲಗೈಯನ್ನು ಅವನ ಕೈಯ ಪಕ್ಕದಲ್ಲಿ ಗೋಡೆಯ ಮೇಲಿಟ್ಟು, ಐದೂ ಬೆರಳನ್ನು ಒಂದೊಂದಾಗಿ ಎತ್ತಿ ಇಳಿಸಿದ.

"ಗೋಡೆ ಮೇಲೆ ನಂದೂ ಬಿಚ್ಚುತ್ತೆ ಕಣೋ," ಎಂದ.

ಸುಘೋಷನ ಬೆರಳುಗಳು ನಿಂತವು.